ನುಡಿದ ವಿಶ್ವಾಸ, ನಡೆದ ವಿಶ್ವಾಸ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ದೇವಾಲಯದ ಅಸ್ತಿಭಾರ, ಗಂಟೆಗೋಪುರ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆ, ಕನ್ಯಾಸ್ತ್ರೀಯರ ಶಾಲೆ, ಇವುಗಳ ಸಂಗತಿಗಳನ್ನೆಲ್ಲ ಊರಿನ ಹಿರಿಯರು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ನಮಗಿಂತ ಚೆನ್ನಾಗಿ ಬರೆದಿದ್ದಾರೆ. ಆದುದರಿಂದ ಕಲ್ಲು ಗಾರೆಗಳ ಚರಿತ್ರೆಯನ್ನು ಅವರಿಗೇ ಬಿಟ್ಟು, ಆ ಕಲ್ಲು ಗಾರೆಗಳ ಒಳಗೆ ನಾವು ಏನನ್ನು ನುಡಿಯುತ್ತ ಬಂದೆವು, ನುಡಿದುದನ್ನು ಎಷ್ಟರಮಟ್ಟಿಗೆ ನಡೆಸಿದೆವು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಬಯಸುತ್ತೇವೆ.

ನೂರು ವರ್ಷಗಳೆಂದರೆ 5,200ಕ್ಕೂ ಮಿಕ್ಕಿದ ಭಾನುವಾರಗಳು. ಅಷ್ಟು ಭಾನುವಾರಗಳಲ್ಲಿಯೂ ಇದೇ ಪೀಠದ ಮುಂದೆ ನಿಂತು ನಮ್ಮ ತಾತ ಮುತ್ತಾತಂದಿರು ವಿಶ್ವಾಸ ಪ್ರಮಾಣವನ್ನು ಹೇಳಿದ್ದಾರೆ. ಮೊದಲು ಲತೀನ್ ಭಾಷೆಯಲ್ಲಿ, ಬಳಿಕ ನಮ್ಮ ಕನ್ನಡದಲ್ಲಿ. ನುಡಿ ತಪ್ಪಿದ ಭಾನುವಾರವಿಲ್ಲ. ಆದರೆ ಆ ನುಡಿಯು ದೇವಾಲಯದ ಹೊಸ್ತಿಲನ್ನು ದಾಟಿ ನಮ್ಮ ಹೊಲ, ಅಂಗಡಿ, ಅಡಿಗೆಮನೆ, ಮದುವೆಯ ಚಪ್ಪರಗಳವರೆಗೆ ನಡೆದುಬಂದಿತೇ? ಇದು ಶತಮಾನೋತ್ಸವದ ಕಾಲದಲ್ಲಿ ಕೇಳಲೇಬೇಕಾದ ಪ್ರಶ್ನೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆ ಎಂಬ ಸಂವಿಧಾನದಲ್ಲಿ, ಒಪ್ಪಿಕೊಂಡ ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ನಡುವೆ ಬಿದ್ದಿರುವ ಬಿರುಕನ್ನು ನಮ್ಮ ಕಾಲದ ದೊಡ್ಡ ತಪ್ಪುಗಳಲ್ಲಿ ಒಂದೆಂದು ಎಣಿಸಿದೆ. ಈ ಬಿರುಕಿಗೆ ಮದ್ದು ಯಾವುದೆಂದು ತಿಳಿಯಲು ನಾವು ದೂರದ ರೋಮಾಪುರಿಗೆ ಹೋಗಬೇಕಾಗಿಲ್ಲ. ನಮ್ಮ ದಕ್ಷಿಣ ದೇಶದಲ್ಲಿಯೇ ಒಬ್ಬ ಗೃಹಸ್ಥನ ಬಾಳು ನಮ್ಮ ಕಣ್ಣೆದುರಿಗಿದೆ.

ಅರಮನೆಯ ಅಧಿಕಾರಿ

ಅಂದಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದು, ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ನಟ್ಟಾಲಂ ಎಂಬ ಊರಿನಲ್ಲಿ, 1712ರ ಏಪ್ರಿಲ್ 23ರಂದು ನೀಲಕಂಠ ಪಿಳ್ಳೆ ಎಂಬಾತನು ಹುಟ್ಟಿದನು. ಕುಲೀನ ಮನೆತನ, ವಿದ್ಯೆಯೂ ಆಯುಧಾಭ್ಯಾಸವೂ ಇದ್ದ ಯುವಕ. ಮಾರ್ತಾಂಡವರ್ಮ ಮಹಾರಾಜರ ಕಾಲದಲ್ಲಿ ಪದ್ಮನಾಭಪುರದ ಅರಮನೆಯ ಸೇವೆಗೆ ಸೇರಿ ಅಧಿಕಾರಿಯಾದನು. ಭಾರ್ಗವಿ ಎಂಬಾಕೆಯನ್ನು ಮದುವೆಯಾದನು.

1741ರ ಆಗಸ್ಟ್ 10ರಂದು ಕೊಳಚಲ್ ಎಂಬ ಕಡಲತೀರದ ಊರಿನಲ್ಲಿ ತಿರುವಾಂಕೂರಿನ ಸೇನೆಯು ಡಚ್ ಕಂಪನಿಯ ದಂಡನ್ನು ಸೋಲಿಸಿತು. ಸೆರೆ ಸಿಕ್ಕವರಲ್ಲಿ ಯೂಸ್ತಾಕಿಯಸ್ ದ ಲನ್ನಾಯ್ ಎಂಬ ಸೇನಾಧಿಕಾರಿಯೊಬ್ಬನಿದ್ದನು. ಮಹಾರಾಜರು ಅವನ ಸಾಮರ್ಥ್ಯವನ್ನು ಕಂಡು ತಮ್ಮ ಸೇನೆಗೆ ಯುರೋಪಿನ ರೀತಿಯ ಶಿಕ್ಷಣವನ್ನು ಕೊಡಲು ನೇಮಿಸಿಕೊಂಡರು. ಈ ದ ಲನ್ನಾಯ್ ಕಥೋಲಿಕನು. 1777ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥಾನಕ್ಕೆ ನಿಷ್ಠೆಯಿಂದ ದುಡಿದನು. ಅವನ ಸಮಾಧಿಯು ಇಂದಿಗೂ ಉದಯಗಿರಿ ಕೋಟೆಯಲ್ಲಿದೆ.

ಅರಮನೆಯ ಕೆಲಸದ ನಡುವೆ ನೀಲಕಂಠನಿಗೂ ದ ಲನ್ನಾಯ್‌ಗೂ ಗೆಳೆತನ ಬೆಳೆಯಿತು. ನೀಲಕಂಠನ ಮನೆಗೆ ಆಗ ಕಷ್ಟದ ದಿನಗಳು ಬಂದಿದ್ದವು. ದನಕರುಗಳೂ ಬೆಳೆಯೂ ನಷ್ಟವಾಗಿದ್ದವು. ತಾನು ಮಾಡದ ತಪ್ಪಿಗೆ ಈ ಶಿಕ್ಷೆ ಏಕೆಂದು ಅವನು ಕೇಳಿದಾಗ, ಗೆಳೆಯನು ಬೈಬಲಿನ ಯೋಬನ ಕಥೆಯನ್ನು ಹೇಳಿದನೆಂದು ಪರಂಪರೆಯು ತಿಳಿಸುತ್ತದೆ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಕಳೆದುಕೊಳ್ಳದ ಆ ಯೋಬನ ಕಥೆ ನೀಲಕಂಠನ ಎದೆಯಲ್ಲಿ ನಾಟಿತು. ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು. ಈ ಮಹಾಪುರುಷನಿಗೆ ವಿಶ್ವಾಸದ ಬೀಜವನ್ನು ಬಿತ್ತಿದವರು ಗುರುಗಳಲ್ಲ, ಧರ್ಮಾಧ್ಯಕ್ಷರಲ್ಲ. ಕೆಲಸದ ಜಾಗದಲ್ಲಿ ಜೊತೆಗಿದ್ದ ಒಬ್ಬ ಸಾಮಾನ್ಯ ಗೃಹಸ್ಥ.

1745ರ ಮೇ 14ರಂದು, ತಿರುವಾಂಕೂರಿನ ಗಡಿಯಾಚೆಗಿದ್ದ ವಡಕ್ಕನ್‌ಕುಳಂ ಎಂಬ ಊರಿನಲ್ಲಿ, ಯೇಸುಸಭೆಯ ಬುಟ್ಟಾರಿ ಸ್ವಾಮಿಗಳಿಂದ ನೀಲಕಂಠನು ಜ್ಞಾನಸ್ನಾನವನ್ನು ಪಡೆದನು. ಶುಭಸಂದೇಶದ ಲಾಜರನ ಹೆಸರನ್ನೇ ನಮ್ಮ ದೇಶದ ನುಡಿಯಲ್ಲಿ ಹೇಳಿ ಅವನಿಗೆ ದೇವಸಹಾಯಂ ಎಂದು ನಾಮಕರಣವಾಯಿತು. ಮಡದಿ ಭಾರ್ಗವಿಯೂ ತರುವಾಯ ಜ್ಞಾನಸ್ನಾನ ಪಡೆದು ಜ್ಞಾನಪೂ ಎಂದಾದಳು. ಇದು ತೆರೇಸಾ ಎಂಬ ಹೆಸರಿಗೆ ಅಲ್ಲಿನವರು ಕೊಟ್ಟ ರೂಪ.

ನುಡಿಗೆ ತೆತ್ತ ಬೆಲೆ

ಇಲ್ಲಿಯವರೆಗಿನ ಕಥೆಯಂಥ ಕಥೆಗಳು ಆ ಕಾಲದಲ್ಲಿ ಹಲವು ಉಂಟು. ತಿರುವಾಂಕೂರಿನಲ್ಲಿ ಕ್ರೈಸ್ತರು ಅಪರೂಪವಾಗಿರಲಿಲ್ಲ; ಅವರ ದೇವಾಲಯಗಳೂ ಇದ್ದವು; ಮಹಾರಾಜರ ಸೇನಾಪತಿಯೇ ಕಥೋಲಿಕನಾಗಿದ್ದನು. ದೇವಸಹಾಯನು ತನ್ನ ಹೊಸ ವಿಶ್ವಾಸವನ್ನು ಎದೆಯೊಳಗೆ ಬಚ್ಚಿಟ್ಟುಕೊಂಡು, ಭಾನುವಾರ ಸದ್ದಿಲ್ಲದೆ ಪೂಜೆಗೆ ಹೋಗಿಬಂದು, ಉಳಿದ ಆರು ದಿನಗಳಲ್ಲಿ ಹಿಂದಿನ ಅಧಿಕಾರಿಯಂತೆಯೇ ಬಾಳಿದ್ದರೆ ಬಹುಶಃ ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ.

ಆದರೆ ಅವನು ಹಾಗೆ ಬಾಳಲಿಲ್ಲ. ಒಬ್ಬನೇ ತಂದೆಯ ಮಕ್ಕಳು ನಾವೆಲ್ಲರೂ ಎಂದು ನುಡಿದ ಮೇಲೆ, ಆ ಮಕ್ಕಳಲ್ಲಿ ಕೆಲವರನ್ನು ಅಂಗಳದಾಚೆ ನಿಲ್ಲಿಸುವುದು ಹೇಗೆ ಎಂದು ಅವನು ಯೋಚಿಸಿದನು. ಯಾರ ನೆರಳು ಬಿದ್ದರೂ ಮೈಲಿಗೆ ಎಂದು ಅವನ ಕುಲದವರು ತಿಳಿದಿದ್ದರೋ ಅವರ ಜೊತೆ ಕುಳಿತು ಮಾತನಾಡಿದನು, ಉಂಡನು, ಅವರನ್ನು ಅಣ್ಣ ತಮ್ಮಂದಿರೆಂದು ಕರೆದನು. ಮೇಲು ಕುಲದವರಿಗೆ ಇದು ಸಹಿಸಲಾರದ ಮಾತಾಯಿತು. ಕುಲಕ್ಕೆ ಅಪಮಾನ, ಅರಮನೆಗೆ ದ್ರೋಹ ಎಂಬ ದೂರುಗಳು ಬಂದವು. ರಾಜ್ಯದ ಗುಟ್ಟನ್ನು ಹೊರಗಿನವರಿಗೆ ತಿಳಿಸಿದನೆಂಬ ಆರೋಪವೂ ಸೇರಿತು. ಈ ಆರೋಪಗಳ ಬಗ್ಗೆ ಚರಿತ್ರಕಾರರಲ್ಲಿ ಚರ್ಚೆಯುಂಟು. ಆದರೆ ಧರ್ಮಸಭೆಯು ದೀರ್ಘ ವಿಚಾರಣೆಯ ಬಳಿಕ, ಅವನು ಪ್ರಾಣ ಕೊಟ್ಟದ್ದು ವಿಶ್ವಾಸಕ್ಕಾಗಿ ಎಂದು ತೀರ್ಮಾನಿಸಿದೆ. ಆ ನಾಡಿನ ಜನರನ್ನಾಗಲಿ ಅವರ ಧರ್ಮವನ್ನಾಗಲಿ ಹಳಿಯುವುದಕ್ಕೆ ನಾವು ಈ ಕಥೆಯನ್ನು ಹೇಳುತ್ತಿಲ್ಲ. ಮೇಲು ಕೀಳಿನ ಮದವು ಯಾವ ಧರ್ಮದ ಹೆಸರನ್ನು ಹೊತ್ತವರಲ್ಲಿಯೂ ಮನೆ ಮಾಡಬಲ್ಲದು ಎಂಬುದನ್ನು ಮುಂದೆ ಕಾಣಲಿದ್ದೇವೆ.

1749ರ ಫೆಬ್ರವರಿಯಲ್ಲಿ ದೇವಸಹಾಯನು ಸೆರೆಯಾದನು. ಮೂರು ವರ್ಷಗಳ ಕಾಲ ಹಿಂಸೆ ನಡೆಯಿತು. ಕೊರಳಿಗೆ ಎಕ್ಕದ ಹೂವಿನ ಹಾರವನ್ನು ಹಾಕಿ, ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂಡಿಸಿ, ಊರಿಂದೂರಿಗೆ ಮೆರವಣಿಗೆ ಮಾಡಿದರೆಂದೂ, ಛಡಿಯೇಟಿನ ಗಾಯಗಳಿಗೆ ಮೆಣಸಿನ ಪುಡಿಯನ್ನು ತಿಕ್ಕಿದರೆಂದೂ ಪರಂಪರೆಯು ಹೇಳುತ್ತದೆ. ಹಿಂದಿನ ನಡೆಗೆ ಮರಳಿದರೆ ಪದವಿ ಮರಳಿ ಸಿಗುವುದೆಂಬ ಆಸೆಯನ್ನೂ ಒಡ್ಡಿದರು. ಅವನು ಮರಳಲಿಲ್ಲ. ಕಡೆಗೆ 1752ರ ಜನವರಿ 14ರಂದು ಆರಲ್ವಾಯ್‌ಮೊಳಿ ಬಳಿಯ ಕಾಟ್ಟಾಡಿಮಲೆ ಎಂಬ ಗುಡ್ಡದ ಮೇಲೆ ಸೈನಿಕರು ಅವನನ್ನು ಗುಂಡಿಕ್ಕಿ ಕೊಂದರು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಕ್ರೈಸ್ತನಾಗಿ ಬಾಳಿದ್ದು ಏಳು ವರ್ಷಗಳೂ ತುಂಬಿರಲಿಲ್ಲ. ಅವನ ಅಸ್ಥಿಗಳನ್ನು ಭಕ್ತರು ಸಂಗ್ರಹಿಸಿ ಕೋಟ್ಟಾರಿನ ಸಂತ ಫ್ರಾನ್ಸಿಸ್ ಸೇವಿಯರ್ ದೇವಾಲಯದಲ್ಲಿ ಸಮಾಧಿ ಮಾಡಿದರು. 1756ರಲ್ಲಿಯೇ ಕೊಚ್ಚಿಯ ಧರ್ಮಾಧ್ಯಕ್ಷರು ಈ ಸುದ್ದಿಯನ್ನು ರೋಮಾಪುರಿಗೆ ಬರೆದು ತಿಳಿಸಿದರು.

ಗೋಡೆಯ ಕಥೆ

ಇನ್ನು ನಾವು ಹೇಳಲಿರುವುದು ನಮ್ಮನ್ನು ತಲೆ ತಗ್ಗಿಸುವಂತೆ ಮಾಡುವ ಸಂಗತಿ. ಶತಮಾನೋತ್ಸವದ ಸಂಚಿಕೆಯಲ್ಲಿ ಇದು ಬೇಕೇ ಎಂದು ಕೆಲವರು ಕೇಳಬಹುದು. ಬೇಕು, ಏಕೆಂದರೆ ಅರ್ಧ ಸತ್ಯದ ಮೇಲೆ ಕಟ್ಟಿದ ಉತ್ಸವವು ನಿಲ್ಲುವುದಿಲ್ಲ.

ದೇವಸಹಾಯನಿಗೆ ಜ್ಞಾನಸ್ನಾನವಾದ ಹಿಂದಿನ ವರ್ಷ, ಅಂದರೆ 1744ರ ಸೆಪ್ಟೆಂಬರ್ 12ರಂದು, ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು ದಕ್ಷಿಣ ಭಾರತದ ಮಿಷನ್ನಿನ ಆಚರಣೆಗಳನ್ನು ಕುರಿತು ಒಂದು ಆಜ್ಞಾಪತ್ರವನ್ನು ಹೊರಡಿಸಿದ್ದರು. ಕೀಳೆನಿಸಿಕೊಂಡ ಕುಲದ ಕ್ರೈಸ್ತರು ಕಾಯಿಲೆ ಬಿದ್ದಾಗ ಅವರ ಮನೆಯೊಳಗೆ ಹೋಗಿ ಸಂಸ್ಕಾರಗಳನ್ನು ಕೊಡಬೇಕೇ ಎಂಬುದು ಆ ಕಾಲದ ದೊಡ್ಡ ವಿವಾದಗಳಲ್ಲಿ ಒಂದು. ಕೊನೆಗೆ ಆ ಜನರಿಗೆಂದೇ ಬೇರೆ ಗುರುಗಳನ್ನು ನೇಮಿಸುವ ವ್ಯವಸ್ಥೆಗೆ ಒಪ್ಪಿಗೆ ದೊರೆಯಿತು. ಸಾಯುತ್ತಿರುವವನ ಗುಡಿಸಲಿನ ಬಾಗಿಲಲ್ಲಿ ಗುರುವು ಬಗ್ಗಿ ಒಳಹೋಗುವುದೇ ಒಂದು ಸಮಸ್ಯೆಯಾಗಿದ್ದ ಕಾಲವದು. ಅಂಥ ಕಾಲದಲ್ಲಿ ಒಬ್ಬ ಗೃಹಸ್ಥನು ಯಾವ ಆಜ್ಞಾಪತ್ರಕ್ಕೂ ಕಾಯದೆ ಆ ಗುಡಿಸಲಿನೊಳಗೆ ಕುಳಿತು ಉಂಡನು.

ಅವನು ಜ್ಞಾನಸ್ನಾನ ಪಡೆದ ವಡಕ್ಕನ್‌ಕುಳಂ ಊರಿನ ಮುಂದಿನ ಕಥೆ ಇನ್ನೂ ಹೆಚ್ಚು ನೋವಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಟ್ಟಿದ ದೊಡ್ಡ ದೇವಾಲಯದಲ್ಲಿ ಬಲಿಪೀಠ ಒಂದೇ. ಆದರೆ ಭಕ್ತರು ನಿಲ್ಲುವ ಅಂಕಣಗಳು ಎರಡು. ಮೇಲು ಕುಲದವರಿಗೆ ಒಂದು, ಉಳಿದವರಿಗೆ ಒಂದು. ನಡುವೆ ಗೋಡೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡದೆ ಅದೇ ಪೀಠದ ಕಡೆಗೆ ನೋಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುರುಗಳು ಆ ಗೋಡೆಯನ್ನು ಕೆಡವಿಸಿದಾಗ, ಕುಲದ ಹಕ್ಕನ್ನು ಮರಳಿ ಸ್ಥಾಪಿಸಬೇಕೆಂದು ಮೇಲು ಕುಲದ ಕ್ರೈಸ್ತರು ಧರ್ಮಾಧ್ಯಕ್ಷರ ಮೇಲೆಯೇ ನ್ಯಾಯಾಲಯಕ್ಕೆ ಹೋದರು. 1916ರಲ್ಲಿ ಮದರಾಸಿನ ಹೈಕೋರ್ಟಿನವರೆಗೂ ಹೋದ ಆ ವ್ಯಾಜ್ಯವನ್ನು ಅವರು ಗೆಲ್ಲಲಿಲ್ಲ.

ಇದನ್ನು ಓದುವಾಗ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಎಕ್ಕದ ಹಾರವನ್ನು ಹಾಕಿ ದೇವಸಹಾಯನನ್ನು ಮೆರೆಸಿದವರು ಅನ್ಯರು ಎಂದು ನಾವು ಹೇಳಿಕೊಳ್ಳಬಹುದು. ಆದರೆ ಅವನು ಹುಟ್ಟುಹೆಸರನ್ನು ಬಿಟ್ಟು ಹೊಸ ಹೆಸರನ್ನು ಪಡೆದ ಊರಿನಲ್ಲಿಯೇ, ಅವನು ಪ್ರಾಣ ಕೊಟ್ಟ ಮಾತಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದವರು ವಿಶ್ವಾಸ ಪ್ರಮಾಣವನ್ನು ತಪ್ಪದೆ ಹೇಳುತ್ತಿದ್ದ ನಮ್ಮವರೇ.

ನಮ್ಮ ನಾಡಿನ ಮಾತು

ನಮ್ಮ ಮೈಸೂರು ಸೀಮೆಯ ಚರಿತ್ರೆಯೂ ಈ ಪ್ರಶ್ನೆಯಿಂದ ದೂರವಿಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಸನ್ಯಾಸಿಯ ಉಡುಗೆಯಲ್ಲಿ ಶುಭಸಂದೇಶವನ್ನು ಸಾರಿದರು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಗುರುಗಳಾದ ಅಬ್ಬೆ ದ್ಯುಬುವಾ. ಹಾಸನದ ಸೀಮೆಯ ಸತ್ತಿಹಳ್ಳಿಯಲ್ಲಿ ಅವರು ಬೇಸಾಯದ ನೆಲೆಯನ್ನು ಕಟ್ಟಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸದಲ್ಲಿ ದುಡಿದರು. ಮೂವತ್ತು ವರ್ಷಗಳಷ್ಟು ಕಾಲ ನಮ್ಮವರಂತೆಯೇ ಉಟ್ಟು ಉಂಡು ಬಾಳಿದ ಆ ಗುರುಗಳು 1823ರಲ್ಲಿ ಭಾರತವನ್ನು ಬಿಟ್ಟು ಹೋದರು. ಅದೇ ವರ್ಷ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳಲ್ಲಿ ಅವರು ಬಹಳ ನಿರಾಶೆಯ ಮಾತುಗಳನ್ನು ಬರೆದರು. ತಾವು ಕಂಡ ಕ್ರೈಸ್ತರಲ್ಲಿ ಹೆಚ್ಚಿನವರು ಹೆಸರಿಗೆ ಮಾತ್ರ ಕ್ರೈಸ್ತರು ಎಂಬುದು ಅವರ ಕೊರಗು.

ಅವರ ತೀರ್ಪು ಕಠಿಣವಾದದ್ದು. ಬರ ಬಿದ್ದರೂ ಯುದ್ಧ ಬಂದರೂ ಜಪಸರವನ್ನು ಬಿಡದ ನಮ್ಮ ಹಿರಿಯರಿಗೆ ಅದು ನ್ಯಾಯ ಮಾಡಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅವರ ಬಳಿಕವೂ ವಿಶ್ವಾಸವು ಈ ಮಣ್ಣಿನಲ್ಲಿ ಬೇರು ಬಿಟ್ಟಿತೆಂಬುದಕ್ಕೆ ಈ ದೇವಾಲಯವೇ ಸಾಕ್ಷಿ. ಆದರೂ ಒಬ್ಬ ವೈದ್ಯನ ಕಹಿಮಾತನ್ನು ಕೇಳುವಂತೆ ಅದನ್ನು ಆಗಾಗ ಕೇಳಿಸಿಕೊಳ್ಳುವುದು ನಮ್ಮ ಆರೋಗ್ಯಕ್ಕೆ ಒಳ್ಳೆಯದು.

ಪರರ ಮಾತೇಕೆ, ನಮ್ಮ ತಪ್ಪನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇವೆ. ಗುರುದೀಕ್ಷೆಯನ್ನು ಪಡೆದ ಹೊಸತರಲ್ಲಿ ನಾವು ಒಂದು ಹಳ್ಳಿಗೆ ಹಬ್ಬದ ಪೂಜೆಗೆಂದು ಹೋಗಿದ್ದೆವು. ಊರಿನ ಹೆಸರು ಬೇಡ. ಪೂಜೆಯಾಯಿತು, ತೇರು ಹೊರಟಿತು, ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದರು. ಒಂದು ಪಂಕ್ತಿ ದೇವಾಲಯದ ಜಗಲಿಯ ಮೇಲೆ. ಇನ್ನೊಂದು ಪಂಕ್ತಿ ಹುಣಸೆಮರದ ಕೆಳಗೆ. ಯಾರೂ ಯಾರನ್ನೂ ಗದರಿಸಲಿಲ್ಲ, ತಳ್ಳಲಿಲ್ಲ; ಅವರವರ ಜಾಗ ಅವರವರಿಗೆ ಗೊತ್ತಿತ್ತು. ನಮಗೆ ಜಗಲಿಯ ಮೇಲೆ ಮಣೆ ಹಾಕಿದ್ದರು. ನಾವು ಕುಳಿತೆವು, ಉಂಡೆವು. ಆ ಊರಿನ ವಯಸ್ಸಾದ ಉಪದೇಶಿಯು ಜಗಲಿಗೆ ಸೇರಿದವನಾಗಿದ್ದರೂ ತನ್ನ ಎಲೆಯನ್ನು ಎತ್ತಿಕೊಂಡು ಹೋಗಿ ಮರದ ಕೆಳಗೆ ಕುಳಿತನು. ಸಂಜೆ ನಮ್ಮನ್ನು ಬಸ್ಸಿಗೆ ಬಿಡಲು ಬಂದಾಗ, “ಸ್ವಾಮಿ, ಬೆಳಿಗ್ಗೆ ಪ್ರಸಾದಕ್ಕೆ ಎಲ್ಲಾರೂ ಒಂದೇ ಸಾಲಾಗಿ ನಿಂತ್ರು. ಮಧ್ಯಾಹ್ನಕ್ಕೆ ಅದೇ ಜನ ಎರಡು ಸಾಲಾದ್ರು. ನಡುವೆ ಏನಾಯ್ತು?” ಎಂದು ಕೇಳಿದನು. “ನಿಧಾನವಾಗಿ ಎಲ್ಲ ಸರಿಹೋಗುತ್ತದೆ” ಎಂದು ನಾವು ಉತ್ತರಿಸಿದೆವು. ಅವನು ಕೈಮುಗಿದು ಸುಮ್ಮನಾದನು.

ಗುರುಮಠದಲ್ಲಿ ಅಷ್ಟು ವರ್ಷ ದೈವಶಾಸ್ತ್ರವನ್ನು ಓದಿದ್ದ ನಮಗೆ ಆ ಉಪದೇಶಿಯ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಎದ್ದು ಹೋಗುವ ಧೈರ್ಯವಿರಲಿಲ್ಲ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಇಂಥದೇ ಒಂದು ಪ್ರಸಂಗವಿದೆ. ಅಂತಿಯೋಕ್ಯದಲ್ಲಿ ಅನ್ಯ ಜನಾಂಗದವರ ಜೊತೆ ಊಟ ಮಾಡುತ್ತಿದ್ದ ಪೇತ್ರರು, ಜೆರುಸಲೇಮಿನ ಕಡೆಯವರು ಬಂದೊಡನೆ ಅಂಜಿ ಹಿಂದೆ ಸರಿದರು. ಪೌಲರು ಎಲ್ಲರೆದುರಿಗೆ ಅವರನ್ನು ಆಕ್ಷೇಪಿಸಿದರು. ಪೇತ್ರರ ಬೋಧನೆಯಲ್ಲಿ ತಪ್ಪಿರಲಿಲ್ಲ; ತಪ್ಪಿದ್ದು ಊಟದ ಪಂಕ್ತಿಯಲ್ಲಿ. ಶುಭಸಂದೇಶದ ಸತ್ಯಕ್ಕೆ ಅಲ್ಲಿಯೇ ಕುಂದು ಬಂದಿತೆಂದು ಪೌಲರು ಕಂಡರು. ನಮಗೆ ಆ ದಿನ ಪೌಲರಾಗಿ ನಿಂತವನು ಆ ಮುದುಕ ಉಪದೇಶಿ. ಆತನು ಈಗ ದೇವರ ಸನ್ನಿಧಿಯಲ್ಲಿದ್ದಾನೆ. ತಡವಾಗಿಯಾದರೂ ಅವನ ಪ್ರಶ್ನೆಗೆ ಉತ್ತರ ಕೊಡಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮುಂದಿನ ನೂರು ವರ್ಷಗಳಿಗೆ

2012ರ ಡಿಸೆಂಬರ್ 2ರಂದು ನಾಗರಕೋಯಿಲಿನಲ್ಲಿ ದೇವಸಹಾಯನು ಪುನೀತ ಪದವಿಗೆ ಏರಿದನು. 2022ರ ಮೇ 15ರಂದು ಫ್ರಾನ್ಸಿಸ್ ಜಗದ್ಗುರುಗಳು ರೋಮಾಪುರಿಯಲ್ಲಿ ಇತರ ಒಂಬತ್ತು ಮಂದಿಯೊಡನೆ ಅವನನ್ನು ಸಂತನೆಂದು ಘೋಷಿಸಿದರು. ಭಾರತದ ಗೃಹಸ್ಥರಲ್ಲಿ ಈ ಪದವಿಯನ್ನು ಪಡೆದವರಲ್ಲಿ ಅವರೇ ಮೊದಲಿಗರು. ಆ ಘೋಷಣೆಗೆ ಮುಂಚೆ ಒಂದು ಸಣ್ಣ ತಿದ್ದುಪಡಿ ನಡೆಯಿತು. ಪುನೀತ ಪದವಿಯ ಕಾಲದಲ್ಲಿ ಹೆಸರಿನ ಜೊತೆಗಿದ್ದ ‘ಪಿಳ್ಳೆ’ ಎಂಬ ಕುಲಸೂಚಕವನ್ನು ರೋಮಾಪುರಿಯವರು ತೆಗೆದುಹಾಕಿದರು. ಬದುಕಿದ್ದಾಗ ತಾವೇ ಕಳಚಿಟ್ಟಿದ್ದುದನ್ನು ನಾವು ಮತ್ತೆ ಅವರ ಹೆಸರಿಗೆ ಅಂಟಿಸಿದ್ದೆವು. ಅದು ಕಳಚಲು 270 ವರ್ಷಗಳು ಬೇಕಾದವು!

ಧರ್ಮಸಭೆಯು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿಲ್ಲ. 2003ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ತಮಿಳುನಾಡಿನ ಧರ್ಮಾಧ್ಯಕ್ಷರಿಗೆ, ಕ್ರೈಸ್ತರ ನಡುವಣ ಜಾತಿಭೇದವು ನಿಜವಾದ ಮಾನವ ಸಹಬಾಳ್ವೆಗೆ ವಿರುದ್ಧವೆಂದು ತಿಳಿಸಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಅಸ್ಪೃಶ್ಯತೆಯು ನಮ್ಮೊಳಗೂ ಉಂಟೆಂದು ಒಪ್ಪಿಕೊಂಡಿತು. ಆದರೆ ಪತ್ರಗಳು ಗೋಡೆಗಳನ್ನು ಕೆಡವಲಾರವು. ನಮ್ಮ ಕೈಗಳೇ ಕೆಡವಬೇಕು.

ಆದುದರಿಂದ, ಪ್ರಿಯ ಸಹೋದರ ಸಹೋದರಿಯರೇ, ಈ ಶತಮಾನೋತ್ಸವದಲ್ಲಿ ನಾವೆಲ್ಲರೂ ನಮ್ಮ ನಮ್ಮ ಅಂತರಂಗವನ್ನು ಪರೀಕ್ಷಿಸಿಕೊಳ್ಳೋಣ. ಮಗಳಿಗೆ ವರನನ್ನು ನೋಡುವಾಗ ನಾವು ಮೊದಲು ವಿಚಾರಿಸುವುದು ಅವನ ನಡತೆಯನ್ನೋ, ಅವನ ಮೂಲವನ್ನೋ? ಹೊಲಕ್ಕೆ ಬರುವ ಕೂಲಿಯವಳಿಗೆ ಕೊಡುವ ನೀರಿನ ಲೋಟವು ನಾವು ಕುಡಿಯುವ ಲೋಟವೇ? ಅವಳ ಕೂಲಿಯನ್ನು ಹೇಳಿದ ದಿನ ಕೊಡುತ್ತೇವೆಯೇ? ಸಮಾಧಿಯ ನೆಲದಲ್ಲಿ ಇಂಥವರಿಗೆ ಇಂಥ ಮೂಲೆ ಎಂಬ ಬರೆಯದ ಕಾನೂನು ಇನ್ನೂ ಉಳಿದಿದೆಯೇ? ನಮ್ಮ ದೇವಾಲಯದ ಜ್ಞಾನಸ್ನಾನದ ದಫ್ತರವನ್ನು ತೆರೆದು ನೋಡಿದರೆ, ನೂರು ವರ್ಷಗಳ ಹೆಸರುಗಳೆಲ್ಲವೂ ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೊಂದರಂತೆ, ಬಂದ ದಿನದ ಕ್ರಮದಲ್ಲಿ ಮಾತ್ರ ಇವೆ. ದೇವರ ದಫ್ತರವೂ ಹಾಗೆಯೇ ಇರುವುದೆಂದು ನಾವು ನಂಬಿದ್ದೇವೆ.

ಉತ್ಸವದ ದಿನ ಬಲಿಪೂಜೆಯ ಬಳಿಕ ಎಲ್ಲರಿಗೂ ಊಟದ ವ್ಯವಸ್ಥೆಯಾಗಿದೆ. ಪಂಕ್ತಿಯು ಪೀಠದ ಮುಂದಿನ ಬಾಗಿಲಿನಿಂದ ಆರಂಭವಾಗಿ ಶಾಲೆಯ ಅಂಗಳದವರೆಗೆ ಒಂದೇ ಸಾಲಾಗಿ ಹೋಗುವಂತೆ ಏರ್ಪಾಡು ಮಾಡಬೇಕೆಂದು ಸಮಿತಿಯವರನ್ನು ಕೇಳಿಕೊಂಡಿದ್ದೇವೆ. ಬಂದವರು ಬಂದ ಕ್ರಮದಲ್ಲಿ ಕೂರಬೇಕು. ನಮಗಾಗಿ ಬೇರೆ ಮೇಜು ಹಾಕುವುದು ಬೇಡ; ಸಾಲಿನಲ್ಲಿ ಎಲ್ಲಿ ಎಲೆ ಖಾಲಿ ಇರುವುದೋ ಅಲ್ಲಿ ನಾವು ಕೂರುತ್ತೇವೆ. ಪ್ರತಿವರ್ಷ ಜನವರಿ 14ರಂದು, ನಮ್ಮ ನಾಡೆಲ್ಲ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಹಂಚುವ ಕಾಲದಲ್ಲಿಯೇ, ಸಂತ ದೇವಸಹಾಯಂ ಅವರ ಹಬ್ಬವೂ ಬರುತ್ತದೆ. ಆ ದಿನ ಇದುವರೆಗೆ ನಾವು ಹೊಸ್ತಿಲು ತುಳಿಯದ ಒಂದು ಮನೆಗೆ ಹೋಗಿ, ಎಳ್ಳುಬೆಲ್ಲ ಕೊಟ್ಟು, ಅವರು ಕೊಟ್ಟುದನ್ನು ಕುಳಿತು ತಿಂದು ಬರೋಣ.

ಎರಡನೆಯ ಶತಮಾನೋತ್ಸವದ ಸಂಚಿಕೆಯನ್ನು ಬರೆಯುವವರು ನಮ್ಮನ್ನು ನೋಡಿರುವುದಿಲ್ಲ. ನಮ್ಮ ಕಾಲದಲ್ಲಿ ಬಣ್ಣ ಹೊಡೆಸಿದ್ದು, ಹೊಸ ಗಂಟೆ ತೂಗಿಸಿದ್ದು ಅವರಿಗೆ ದೊಡ್ಡ ಸಂಗತಿಯೆನಿಸದೆ ಹೋಗಬಹುದು. ಆ ಕಾಲದವರು ನುಡಿದಂತೆ ನಡೆದರು ಎಂಬ ಒಂದು ಸಾಲನ್ನು ಅವರು ಸಂಕೋಚವಿಲ್ಲದೆ ಬರೆಯುವಂತಾದರೆ, ಈ ನೂರು ವರ್ಷಗಳ ಪ್ರಾರ್ಥನೆಯು ಸಾರ್ಥಕವಾದಂತೆ. ಸಂತ ದೇವಸಹಾಯಂ ಅವರ ಬಿನ್ನಹದಿಂದ ಯೇಸುಸ್ವಾಮಿಯು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.